ಮೇಜಿನ ಕಾಲಡಿಯ ಸ್ಪ್ಯಾನಿಷ್

ನಮ್ಮ ಭಾವನಿಗೆ ಸ್ಪ್ಯಾನಿಷ್ ಬರುತ್ತದೆ ಎಂಬ ಸುದ್ದಿಯ ಬಿಸಿ ಮೊಟ್ಟಮೊದಲು ತಟ್ಟಿದ್ದು ನಮ್ಮ ಊಟದ ಮೇಜಿಗೆ. ಆ ಮೇಜಿಗೆ ಒಂದು ಕಾಲು ಗಿಡ್ಡ. ನಾನು ಅಕ್ಕನ ಮನೆಗೆ ಬಂದು ಸೇರಿಕೊಂಡಾಗಿನಿಂದಲೂ ಆ ಕಾಲಿನ ಕೆಳಗೆ ಒಂದು ಹಳೆಯ ಪುಸ್ತಕವಿತ್ತು. ಹಿಂದಿನ ಬಾಡಿಗೆಯವರು ಬಿಟ್ಟುಹೋದದ್ದು. ಭಾವ ಅದನ್ನು ಎಳೆದು ತೆಗೆದ ಬೆಳಿಗ್ಗೆ ಮೇಜು ಒಂದು ಕಡೆಗೆ ವಾಲಿತು, ನೀರಿನ ಜಗ್ಗು ಉರುಳಿ ನನ್ನ ಮಡಿಲಿಗೆ ಬಿತ್ತು, ಅಕ್ಕ "ಏನ್ರೀ ಇದು!" ಎಂದು ಕೂಗಿದಳು. ಒಂದು ಹೊಸ ಭಾಷೆ ಒಂದು ಮನೆಯೊಳಗೆ ಕಾಲಿಡುವಾಗ ಇಷ್ಟಾದರೂ ಸದ್ದಾಗಬೇಡವೇ?

ಭಾವ ರೈಲ್ವೆ ಸ್ಟೇಷನ್ನಿನಲ್ಲಿ ಘೋಷಕರು. ಮೇಲೆ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಎಲ್ಲಿ ಬರುತ್ತದೆ, ಎಷ್ಟು ತಡ ಎಂದು ಹೇಳುವುದು ಅವರ ಕೆಲಸ. ಕೆಳಗೆ ವಿಚಾರಣೆಯ ಕಿಟಕಿಯಲ್ಲಿ ಕೂತು ಅದಕ್ಕಾಗಿ ಬೈಸಿಕೊಳ್ಳುವುದು ನನ್ನ ಕೆಲಸ. ಭಾವನ ಧ್ವನಿ ಎಂದರೆ ಧ್ವನಿ. ಗಾಡಿ ತಡ ಎಂದು ಅವರು ಹೇಳಿದರೆ ಗಾಡಿ ಬಂದಷ್ಟೇ ಸಮಾಧಾನವಾಗುತ್ತಿತ್ತು. ಧ್ವನಿ ಕೊಟ್ಟ ದೇವರು ಅದರ ಹಿಂದೆ ಗಮನವನ್ನೂ ಸ್ವಲ್ಪ ಕೊಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಆ ಸಮಯಕ್ಕೆ ಸ್ವಲ್ಪ ಹಿಂದೆ ಭಾವ ಒಂದು ಫುಟ್‌ಬಾಲ್ ತಂಡವನ್ನು ಪೂರ್ವಕ್ಕೆ ಕಳಿಸುವ ಬದಲು ಪಶ್ಚಿಮಕ್ಕೆ ಕಳಿಸಿಬಿಟ್ಟಿದ್ದರು. ಆ ಹುಡುಗರು ಯಾವುದೋ ಊರಿನಲ್ಲಿ ಇಳಿದು, ಎದುರಾಳಿಗಳೇ ಇಲ್ಲದೆ, ತಮ್ಮತಮ್ಮಲ್ಲೇ ಆಡಿ, ಅದರಲ್ಲೂ ಸೋತು ಬಂದರಂತೆ. ಸ್ಟೇಷನ್ ಮಾಸ್ಟರು ಭಾವನನ್ನು ಕರೆದು, ಮೇಜಿನ ಡ್ರಾಯರಿನಿಂದ ದಪ್ಪನೆಯ ಒಂದು ಕಾಗದದ ಕಟ್ಟು ತೆಗೆದು ತೋರಿಸಿದರು.

"ಇದು ರೆಕಾರ್ಡ್ ಮಾಡಿದ ಧ್ವನಿಯ ಮಿಷನ್ನಿನ ಕೊಟೇಷನ್ನು. ಇನ್ನೊಂದು ಎಡವಟ್ಟಾದ್ರೆ ಮೈಕಿಗೆ ಈ ಮಿಷನ್ನು, ಪಾರ್ಸಲ್ ಆಫೀಸಿಗೆ ನೀವು. ಇದಕ್ಕೆ ಸಂಬಳ ಇಲ್ಲ, ರಜ ಇಲ್ಲ, ಮುಖ್ಯವಾಗಿ ಯೋಚನೆ ಇಲ್ಲ."

"ನನಗೂ ಯೋಚನೆ ಇಲ್ಲ ಸಾರ್," ಎಂದರಂತೆ ಭಾವ, ಸಮಾಧಾನ ಮಾಡುವ ದನಿಯಲ್ಲಿ.

"ಅದೇ ಕಣ್ರೀ ತೊಂದರೆ!" ಎಂದರಂತೆ ಮಾಸ್ಟರು.

ಪಾರ್ಸಲ್ ಆಫೀಸು ಕೆಟ್ಟ ಜಾಗವೇನಲ್ಲ. ಆದರೆ ಅಲ್ಲಿ ಮಾತಾಡಲು ಮೂಟೆಗಳು ಮಾತ್ರ. ಭಾವನಿಗೆ ಮೈಕು ಎಂದರೆ ಉಸಿರು. ಮನೆಗೆ ಬಂದವರು ಊಟ ಬಿಟ್ಟರು. ತಟ್ಟೆಯ ಮುಂದೆ ಕೂರುವುದು, ಬೆರಳಲ್ಲಿ ಗೆರೆ ಎಳೆಯುವುದು, ಏಳುವುದು. ಅಕ್ಕ ಬಡಿಸಿದ್ದನ್ನು ಹಾಗೇ ಒಳಗೆ ಒಯ್ಯುತ್ತಿದ್ದಳು.

ಇಂಥ ಹೊತ್ತಿನಲ್ಲೇ ಮೇಲ್ಮನೆಯ ಹಲ್ಲಿನ ಡಾಕ್ಟರು ನಮ್ಮ ಮೇಜಿನ ಮುಂದೆ ಬಂದು ಕೂತದ್ದು. ಅವರಿಗೆ ಹೊಸ ಸೊಸೆ ಬಂದಿದ್ದಳು. ಸೊಸೆ ಬಂದ ದಿನದಿಂದ ಡಾಕ್ಟರ ಬಾಯಲ್ಲಿ ಬೇರೆಯವರ ಹಲ್ಲಿನ ಮಾತೇ ಇರಲಿಲ್ಲ.

"ನಮ್ಮ ಸೊಸೆಗೆ ನಾಲ್ಕು ಭಾಷೆ ಬರುತ್ತೆ. ನಾಲ್ಕರಲ್ಲೂ ಅತ್ತೆಗೆ ಎದುರು ಮಾತಾಡ್ತಾಳೆ," ಎಂದು ಹೆಮ್ಮೆಯಿಂದ ಹೇಳಿ, ಭಾವನ ಕಡೆ ತಿರುಗಿ, "ನಿಮಗೇನು ಬಿಡಿ, ಕೂಗೋ ಕೆಲಸ. ಒಂದು ಭಾಷೆ ಸಾಕು," ಎಂದರು.

"ನಾನೂ ಒಂದು ಕಲೀತಿದ್ದೀನಿ," ಎಂದುಬಿಟ್ಟರು ಭಾವ.

"ಹೌದಾ? ಯಾವುದು?"

ಭಾವನ ಕಣ್ಣು ಸೂರು ನೋಡಿತು, ಗೋಡೆ ನೋಡಿತು, ಅಕ್ಕನ ಮುಖ ನೋಡಿ ಬೆದರಿತು, ಕೊನೆಗೆ ಕೆಳಗಿಳಿದು ಮೇಜಿನ ಗಿಡ್ಡ ಕಾಲಿನ ಹತ್ತಿರ ನಿಂತಿತು. ಅಲ್ಲಿ ಪುಸ್ತಕದ ಬೆನ್ನು ಕಾಣುತ್ತಿತ್ತು.

"ಸ್ಪ್ಯಾನಿಷ್," ಎಂದರು.

ಡಾಕ್ಟರು ಹುಬ್ಬೇರಿಸಿ ಎದ್ದು ಹೋದರು. ಆಡಿದ ಮಾತು ಅಲ್ಲಿಗೇ ಸತ್ತಿತು ಎಂದು ನಾನು ತಿಳಿದಿದ್ದೆ. ಆದರೆ ಮರುದಿನ ಬೆಳಿಗ್ಗೆ, ಆಗಲೇ ಹೇಳಿದೆನಲ್ಲ, ನೀರು ನನ್ನ ಮಡಿಲಿಗೆ ಬಿತ್ತು.

ಪುಸ್ತಕಕ್ಕೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ರಟ್ಟಿನ ನಡುವೆ ಉಳಿದಿದ್ದದ್ದು ಒಂದೇ ಒಂದು ಅಧ್ಯಾಯ. ಭಾವ ಅದನ್ನು ಓದಿ ಬಂದು ನಮ್ಮಿಬ್ಬರನ್ನೂ ಕೂರಿಸಿ ವಿವರಿಸಿದರು. ಅವರ ಕಣ್ಣು ಹೊಳೆಯುತ್ತಿತ್ತು.

"ಇದು ನಡೆದದ್ದನ್ನ ಹೇಳೋ ಕ್ರಿಯಾಪದ ಅಲ್ಲ. ನಡೆಯಲಿ ಅನ್ನೋದು. ತಲುಪುತ್ತೆ ಅಲ್ಲ, ತಲುಪಲಿ. ಹುಡುಕ್ತಾನೆ ಅಲ್ಲ, ಹುಡುಕಲಿ. ನೋಡಯ್ಯಾ, ನಾನು ಇಷ್ಟು ವರ್ಷ ಮೈಕಲ್ಲಿ 'ಗಾಡಿ ಬರುತ್ತದೆ' ಅಂತ ಸುಳ್ಳು ಹೇಳಿದ್ದೀನಿ. 'ಗಾಡಿ ಬರಲಿ' ಅಂತ ಹೇಳಬೇಕಿತ್ತು!"

ಇದರಲ್ಲಿ ಸತ್ಯವಿತ್ತು, ಆ ಸುಳ್ಳಿಗೆಲ್ಲ ಬೈಸಿಕೊಂಡವನು ನಾನೇ.

"ಇನ್ನೊಂದು ಕೇಳು," ಭಾವನ ದನಿ ಇಳಿಯಿತು. "ಹೀಗೆ 'ಲಿ' ಅನ್ನೋವಾಗ ಕೆಲವು ಪದಗಳಲ್ಲಿ ಧ್ವನಿ ಕೆಟ್ಟುಹೋಗೋ ಸಂದರ್ಭ ಬರುತ್ತೆ. ಆವಾಗ ಏನಾಗುತ್ತೆ ಗೊತ್ತಾ? ಅಲ್ಲಿದ್ದ ಅಕ್ಷರ ಎದ್ದು ಬೇರೆ ಅಕ್ಷರಕ್ಕೆ ಜಾಗ ಬಿಡುತ್ತೆ. ಯಾಕೆ? ಧ್ವನಿ ಹಾಗೇ ಉಳೀಲಿ ಅಂತ!"

"ಬಸ್ಸಲ್ಲಿ ವಯಸ್ಸಾದವರಿಗೆ ಸೀಟು ಬಿಟ್ಟ ಹಾಗೆ," ಎಂದಳು ಅಕ್ಕ, ಬಟ್ಟೆ ಮಡಚುತ್ತ.

"ಸರಿಯಾಗಿ ಹೇಳಿದೆ! ಇಲ್ಲಿ ನೋಡಿದ್ರೆ ಮಿಷನ್ ಕೂರಿಸೋಕೆ ಧ್ವನೀನೇ ಎಬ್ಬಿಸ್ತೀನಿ ಅಂತಾರೆ. ಅಲ್ಲಿ ಧ್ವನಿ ಉಳಿಸೋಕೆ ಅಕ್ಷರಾನೇ ಎದ್ದುಹೋಗುತ್ತೆ. ಎಂಥ ಜನ ಅವರು! ಎಂಥ ಜನ!"

ಅಂದು ಭಾವ ಎರಡನೇ ಸಲ ಬಡಿಸಿಕೊಂಡು ಉಂಡರು. ವಾಲುವ ಮೇಜನ್ನು ನಾನು ಮೊಣಕಾಲಿನಿಂದ ಒತ್ತಿ ಹಿಡಿದುಕೊಂಡಿದ್ದೆ.

ಅಲ್ಲಿಂದ ಮುಂದೆ ನಮ್ಮ ಕಟ್ಟಡಕ್ಕೆ ನೆಮ್ಮದಿ ಇರಲಿಲ್ಲ, ಅಥವಾ ಜನ ಹೇಳುವ ಪ್ರಕಾರ ಆಗಲೇ ನೆಮ್ಮದಿ ಶುರುವಾದದ್ದು. ಭಾವ ಹಲ್ಲುಜ್ಜುತ್ತ ಮೆಟ್ಟಿಲ ಬಳಿ ನಿಂತು ಶುರುಮಾಡುತ್ತಿದ್ದರು: "ಬುಸ್ಕೆ, ಬುಸ್ಕೆಸ್, ಬುಸ್ಕೆ, ಬುಸ್ಕೇಮೋಸ್, ಬುಸ್ಕೇಯ್ಸ್, ಬುಸ್ಕೆನ್!" ನಾನು ಹುಡುಕಲಿ, ನೀನು ಹುಡುಕಲಿ, ಅವನು ಹುಡುಕಲಿ, ಹೀಗೆ ಆರು ಮಂದಿಯೂ ಹುಡುಕಿ ಮುಗಿದ ಮೇಲೆ, ಅದೇ ಆರು ಮಂದಿ ತಲುಪಬೇಕು: "ಲ್ಲೇಗೆ, ಲ್ಲೇಗೆಸ್, ಲ್ಲೇಗೆ..." ಉಚ್ಚಾರ ಸರಿಯೋ ತಪ್ಪೋ ಹೇಳುವವರು ಯಾರು? ಹಾಳೂರಿಗೆ ಉಳಿದವನೇ ಗೌಡ.

ಕೆಳಮನೆಯ ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಕೇಳತೊಡಗಿದರು. "ಇವರು ಹೇಳ್ತಿದ್ರೆ ಹೊಲಿಗೆ ನೇರ ಬರುತ್ತೆ ಕಣಮ್ಮ," ಎಂದು ಅಕ್ಕನಿಗೆ ಹೇಳಿದರು. ಹಲ್ಲಿನ ಡಾಕ್ಟರು ಒಂದು ಬೆಳಿಗ್ಗೆ ಮೆಟ್ಟಿಲಿಳಿಯುತ್ತ ನಿಂತು, ಪೂರ್ತಿ ಕೇಳಿ, ಮುಖ ಸಣ್ಣದು ಮಾಡಿಕೊಂಡು, "ನಮ್ಮ ಸೊಸೆ ಯಾವ ಭಾಷೇನೂ ಇಷ್ಟು ವೇಗವಾಗಿ ಮಾತಾಡಲ್ಲ," ಎಂದು ಒಪ್ಪಿಕೊಂಡರು. ಅಕ್ಕನಂತೂ ತರಕಾರಿ ಅಂಗಡಿಯಿಂದ ಹಿಡಿದು ಔಷಧಿ ಅಂಗಡಿಯವರೆಗೆ, "ನಮ್ಮೋರು ಸ್ಪ್ಯಾನಿಷ್ ಕಲೀತಿದ್ದಾರೆ," ಎಂದು ಹೇಳಿ ಬಂದಳು. ಗಂಡನ ವಿಷಯವಾಗಿ ಅವಳು ಹೀಗೆ ತಲೆಯೆತ್ತಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಒಂದೇ ಅಧ್ಯಾಯದಿಂದ ಒಂದು ಭಾಷೆ ಹೇಗೆ ಬರುತ್ತದೆ ಎಂದು ನನಗೆ ಅನುಮಾನ. ಒಂದು ದಿನ ಭಾವನನ್ನು ಬಾಲ್ಕನಿಗೆ ಕರೆದು ಕೇಳಿದೆ.

"ಭಾವ, 'ನಿಮ್ಮ ಹೆಸರೇನು' ಅನ್ನೋಕೆ ಸ್ಪ್ಯಾನಿಷ್‌ನಲ್ಲಿ ಏನಂತಾರೆ?"

"ಅದು ಬೇರೆ ಅಧ್ಯಾಯ."

"ಆ ಅಧ್ಯಾಯ ಎಲ್ಲಿ?"

"ಅದಿಲ್ಲ."

"ನೀರು ಬೇಕು ಅನ್ನೋಕೆ?"

ಭಾವ ಗಂಭೀರವಾಗಿ ಯೋಚಿಸಿದರು. "ನೀರನ್ನ ಹುಡುಕಲಿ ಅನ್ನಬಹುದು. ಹುಡುಕಲಿ ಅನ್ನೋದು ಬರುತ್ತೆ. ನೀರು ಅನ್ನೋದು ಬರಲ್ಲ."

"ಅಕ್ಕನಿಗೆ ಗೊತ್ತಾ ಇದು?"

ಅವರು ನನ್ನ ಕೈ ಹಿಡಿದುಕೊಂಡರು. "ಹೇಳಬೇಡ ಕಣಯ್ಯ. ಅವಳು ತುಂಬ ಖುಷಿಯಾಗಿದ್ದಾಳೆ."

ಹೀಗಿರುವಾಗ ಒಂದು ಬೆಳಿಗ್ಗೆ ನಮ್ಮ ಸ್ಟೇಷನ್ನಿಗೆ ಬರಬೇಕಾದ ಗಾಡಿಗಳೆಲ್ಲ ತಡವಾದವು. ನನ್ನ ಕಿಟಕಿಯ ಮುಂದೆ ಜನ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಸುತ್ತಿದ ಜಮಖಾನೆ ಹೆಗಲ ಮೇಲಿಟ್ಟುಕೊಂಡ ಒಬ್ಬ ಆಸಾಮಿ ಅದರ ತುದಿಯಿಂದಲೇ ಕಿಟಕಿಗೆ ಗುದ್ದುತ್ತ, "ಗಾಡಿ ಎಲ್ರೀ? ನುಂಗಿಬಿಟ್ರಾ?" ಎಂದು ಕೂಗುತ್ತಿದ್ದ. ನುಂಗಿಲ್ಲವೆಂದು ತೋರಿಸಲು ನಾನು ಬಾಯಿ ತೆರೆದಿರಬೇಕು, ಆಗ ಮೇಲಿನಿಂದ ಆ ಧ್ವನಿ ಬಂತು.

ಗಾಜಿನ ಕೋಣೆಯಲ್ಲಿ ಭಾವ ಗಲಾಟೆ ನೋಡಿ ನಡುಗಿ, ಧೈರ್ಯ ತಂದುಕೊಳ್ಳಲು ತಮ್ಮ ಪಾಠ ಹೇಳಿಕೊಂಡಿದ್ದಾರೆ. ಮೈಕಿನ ಗುಂಡಿ ಆರಿಸುವುದನ್ನು ಮರೆತಿದ್ದಾರೆ. ಸ್ಟೇಷನ್ನಿನ ಒಂದೊಂದು ಕಂಬದ ಸ್ಪೀಕರಿನಿಂದಲೂ ನಿಧಾನವಾಗಿ, ತುಂಬು ಗಂಟಲಿನಲ್ಲಿ ಹೊರಟಿತು: "ಲ್ಲೇಗೆ... ಲ್ಲೇಗೆಸ್... ಲ್ಲೇಗೆ... ಲ್ಲೇಗೇಮೋಸ್..."

ಗದ್ದಲ ನಿಂತಿತು. ಕೂಲಿಯವರು ತಲೆಯ ಮೇಲಿನ ಪೆಟ್ಟಿಗೆ ಇಳಿಸಿದರು. ಪೊಲೀಸಿನವನು ಟೋಪಿ ಸರಿಮಾಡಿಕೊಂಡು ಹೊಟ್ಟೆ ಒಳಗೆಳೆದುಕೊಂಡ. "ಯಾರೋ ದೊಡ್ಡೋರು ಬರ್ತಿದ್ದಾರೆ," ಎಂದಿತು ಒಂದು ದನಿ. "ಇಲ್ಲ, ಆಗಲೇ ಬಂದುಬಿಟ್ಟಿದ್ದಾರೆ," ಎಂದಿತು ಇನ್ನೊಂದು. ಜಮಖಾನೆಯವನು ಹೆಗಲಿಂದ ಜಮಖಾನೆ ಇಳಿಸಿ, ಕಿಟಕಿಗೆ ಬಾಗಿ ಮೆಲ್ಲಗೆ ಕೇಳಿದ.

"ಇದರ ಅರ್ಥ ಏನು ಸಾರ್?"

ಆ ಕಿಟಕಿಯಲ್ಲಿ ನನ್ನನ್ನು ಸಾರ್ ಎಂದವರಲ್ಲಿ ಅವನೇ ಮೊದಲಿಗ. ಆ ಒಂದು ಮಾತಿಗೆ ನಾನು ನಿಜ ಹೇಳಿದೆ.

"ತಲುಪಲಿ ಅಂತ."

"ಯಾರು?"

"ಎಲ್ಲರೂ. ನಾನು, ನೀನು, ಅವನು, ನಾವು, ನೀವು, ಅವರು."

"ಎಂಥಾ ಮಾತು!" ಎಂದ. "ಯಾರನ್ನೂ ಬಿಟ್ಟಿಲ್ಲ ನೋಡಿ."

ಅವನು ಹಿಂದಿನವರಿಗೆ ಹೇಳಿದ, ಅವರು ಅವರ ಹಿಂದಿನವರಿಗೆ ಹೇಳಿದರು. ಗಾಡಿಗಳು ಬರುವವರೆಗೂ ಯಾರೂ ಜಗಳ ಆಡಲಿಲ್ಲ. ಸಿಟ್ಟಿನಿಂದ ಮೆಟ್ಟಿಲೇರಿ ಹೋಗಿದ್ದ ಸ್ಟೇಷನ್ ಮಾಸ್ಟರು ಗಾಜಿನಾಚೆ ಕಂಡ ಶಾಂತಿಗೆ ದಂಗಾಗಿ ಹೋದರು.

"ಇಷ್ಟು ದಿನ ಯಾಕ್ರೀ ಮುಚ್ಚಿಟ್ಟಿದ್ರಿ?"

"ಯಾರೂ ಕೇಳಲಿಲ್ಲ ಸಾರ್," ಎಂದರು ಭಾವ. ಅದೂ ನಿಜವೇ.

ಮಾಸ್ಟರು ಸುಮ್ಮನೆ ಕೂರುವ ಜಾತಿಯವರಲ್ಲ. ವಾರ ಕಳೆಯುವುದರೊಳಗೆ ನನ್ನ ಕಿಟಕಿಯ ಮೇಲೆ ಒಂದು ಬೋರ್ಡು ಬಂತು: "ಇಲ್ಲಿ ಸ್ಪ್ಯಾನಿಷ್ ಮಾತನಾಡಲಾಗುವುದು." ಬೋರ್ಡು ನಮ್ಮ ಲಿಪಿಯಲ್ಲೇ ಇತ್ತು. ಸ್ಪ್ಯಾನಿಷ್ ಮಂದಿ ಅದನ್ನು ಓದಬೇಕಾದರೆ ಮೊದಲು ನಮ್ಮ ಭಾಷೆ ಕಲಿಯಬೇಕು, ಕಲಿತ ಮೇಲೆ ಅವರಿಗೆ ಬೋರ್ಡು ಬೇಕಾಗಿಲ್ಲ. ಆದರೂ ಬೋರ್ಡು ಚೆನ್ನಾಗಿತ್ತು.

"ಕೊಟೇಷನ್ನು ಮಾತ್ರ ಡ್ರಾಯರಲ್ಲೇ ಇದೆ," ಎಂದು ಮಾಸ್ಟರು ಭಾವನ ಬೆನ್ನು ತಟ್ಟಿದರು. "ಈ ಬೋರ್ಡು ಸುಳ್ಳಾದ ದಿನ ಹೊರಗೆ ಬರುತ್ತೆ."

ಭಾವನ ಊಟ ಮತ್ತೆ ಅರ್ಧಕ್ಕೆ ಇಳಿಯಿತು. "ಹೆದರಬೇಡಿ ಭಾವ," ಎಂದು ನಾನು ಸಮಾಧಾನ ಹೇಳಿದೆ. "ಸ್ಪ್ಯಾನಿಷ್ ಮಾತಾಡೋರು ಭೂಮಿ ಮೇಲೆ ಕೋಟಿಗಟ್ಟಲೆ ಇದ್ದಾರೆ. ಆದ್ರೆ ಅವರೆಲ್ಲ ಬುದ್ಧಿವಂತರು. ನಮ್ಮ ಸ್ಟೇಷನ್ನಲ್ಲಿ ಯಾಕೆ ಇಳೀತಾರೆ?"

ನನ್ನ ಬಾಯಿಗೆ ಬೀಗ ಹಾಕಬೇಕು. ಒಂದು ಮಧ್ಯಾಹ್ನ ನಾನು ತಲೆಯೆತ್ತಿದರೆ, ನನ್ನ ಕಟ್ಟೆಯ ಮೇಲೆ ಒಂದು ಜೊತೆ ಗಂಡಸರ ಶೂ ಕೂತಿತ್ತು. ಅದರ ಹಿಂದೆ ಬಿಳಿ ಕೂದಲಿನ ಎತ್ತರದ ಒಬ್ಬ ಹೆಂಗಸು. ಕಣ್ಣಲ್ಲಿ ನೀರು, ಬಾಯಲ್ಲಿ ಮಾತಿನ ಮಳೆ. ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಮತ್ತೆ ಮತ್ತೆ ಬಂದ "ಎಸ್ಪಾನ್ಯೋಲ್" ಎಂಬ ಪದ ನನಗೆ ಗೊತ್ತಿತ್ತು. ಭಾವನ ಪುಸ್ತಕದ ಪ್ರತಿ ಹಾಳೆಯ ನೆತ್ತಿಯ ಮೇಲೂ ಅದು ಇತ್ತು.

ಜನ ಸೇರಿದರು. "ಶೂ ಮಾರೋಕೆ ಬಂದಿದ್ದಾರೆ," ಎಂದ ಒಬ್ಬ ಕೂಲಿ. ಪೊಲೀಸಿನವನು ಒಂದು ಶೂ ಎತ್ತಿ, ಒಳಗೆ ಇಣುಕಿ, "ಖಾಲಿ ಇದೆ," ಎಂದು ಘೋಷಿಸಿದ. ಆ ಅಮ್ಮ ಶೂ ತೋರಿಸಿದರು, ತಮ್ಮ ಬೆರಳಿನ ಉಂಗುರ ತೋರಿಸಿದರು, ಆಮೇಲೆ ಎರಡೂ ಕೈ ಚಾಚಿ ಇಡೀ ಸ್ಟೇಷನ್ನನ್ನು ತೋರಿಸಿದರು.

"ಇಷ್ಟೂ ಸ್ಟೇಷನ್ನು ಅವರದೇ ಅಂತಾರಾ?" ಎಂದ ಪೊಲೀಸಿನವನು.

"ಅಯ್ಯೋ ನಿಮ್ಮ!" ಎಂದು ಟೀ ಮಾರುವವಳು ಜನರನ್ನು ನೂಕಿಕೊಂಡು ಬಂದಳು. "ಗಂಡ ಕಳೆದುಹೋಗಿದ್ದಾನೆ ಕಣ್ರಪ್ಪ. ಶೂ ಬಿಟ್ಟು ಹೋಗಿದ್ದಾನೆ. ಮದುವೆಯಾಗಿರೋ ಯಾರನ್ನ ಕೇಳಿದ್ರೂ ಹೇಳ್ತಿದ್ರು."

ಪೂರ್ತಿ ತಿಳಿದದ್ದು ಆಮೇಲೆ, ಆದರೆ ನಡೆದದ್ದು ಇಷ್ಟು. ಅವರ ಬೋಗಿ ಕೆಟ್ಟು, ಎಲ್ಲರನ್ನೂ ಇಳಿಸಿ ದೂರದ ಪ್ಲಾಟ್‌ಫಾರಂನಲ್ಲಿದ್ದ ಬೇರೆ ಗಾಡಿಗೆ ಹತ್ತಿಸಿದ್ದರು. ಅವರ ಮುದಿ ಯಜಮಾನರು ಅದಕ್ಕೆ ಮೊದಲೇ ಕಾಲು ಚಾಚಲೆಂದು ಬರೀ ಕಾಲುಚೀಲದಲ್ಲಿ ಇಳಿದು ಹೋಗಿದ್ದರು. ವಾಪಸು ಬಂದಾಗ ಗಾಡಿ ಇಲ್ಲ, ಹೆಂಡತಿ ಇಲ್ಲ, ಘೋಷಣೆ ಅರ್ಥವಾಗುವುದಿಲ್ಲ. ಆಗ ಎಲ್ಲಿದ್ದರೋ ಯಾರಿಗೂ ಗೊತ್ತಿರಲಿಲ್ಲ. ಹೊಸ ಗಾಡಿ ಹೊರಡಲು ತಯಾರಾಗಿತ್ತು, ಅದು ಬಿಟ್ಟರೆ ಆ ಕಡೆಗೆ ಇನ್ನು ಮರುದಿನವೇ.

"ಸ್ವಲ್ಪ ಹೊತ್ತು ಗಾಡಿ ತಡೀತೀನಿ," ಎಂದರು ಓಡಿ ಬಂದ ಸ್ಟೇಷನ್ ಮಾಸ್ಟರು. ಆಮೇಲೆ ಎದೆಯುಬ್ಬಿಸಿ, "ಕರೀರಿ ನಮ್ಮ ಪಂಡಿತರನ್ನ!" ಎಂದರು.

ಪಂಡಿತರು ಬಂದರು. ಮುಖ ಸುಣ್ಣವಾಗಿತ್ತು. ಆ ಅಮ್ಮ ಅವರ ಎರಡೂ ಕೈ ಹಿಡಿದುಕೊಂಡು ತಮ್ಮ ಕಥೆಯನ್ನೆಲ್ಲ ಹೇಳಿದರು. ಭಾವ ಕಣ್ಣು ಮಿಟುಕಿಸದೆ ಕೇಳಿದರು. ಎಲ್ಲ ಮುಗಿದ ಮೇಲೆ, ನ್ಯಾಯಾಧೀಶರ ಗಾಂಭೀರ್ಯದಿಂದ ಒಂದೇ ಒಂದು ಮಾತು ಹೇಳಿದರು.

"ಬುಸ್ಕೆ."

"ಸಿ! ಸಿ!" ಎಂದು ಆ ಅಮ್ಮ ತಲೆಯಾಡಿಸಿ ಬಿಕ್ಕಿದರು. ಜನ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಒಂದೇ ಮಾತಲ್ಲಿ ಮುಗಿಸಿಬಿಟ್ಟರಲ್ಲ!

ಗಾಜಿನ ಕೋಣೆಗೆ ಹತ್ತುವಾಗ ಭಾವ ಮೆಟ್ಟಿಲ ನಡುವೆ ನಿಂತು ನನ್ನ ಕಿವಿಯಲ್ಲಿ ಹೇಳಿದರು. "ನಂಗೆ ಗಂಡ ಅನ್ನೋ ಪದ ಬರಲ್ಲ ಕಣಯ್ಯ. ಹೆಂಡತಿ ಬರಲ್ಲ. ಎಡ ಬರಲ್ಲ, ಬಲ ಬರಲ್ಲ. ಮೈಕು ಹೋಯ್ತು ನಂದು."

"ಏನು ಬರುತ್ತೆ?"

"ಹುಡುಕಲಿ, ತಲುಪಲಿ. ಅಷ್ಟೇ."

"ಈಗ ಬೇಕಾಗಿರೋದೂ ಅಷ್ಟೇ ತಾನೇ ಭಾವ? ಅದನ್ನೇ ಹೇಳಿ."

ಈ ನಾಟಕಕ್ಕಾಗಿ ಅವರ ಮೇಲೆ ನನಗೆ ಸಿಟ್ಟಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಮೆಟ್ಟಿಲ ಮೇಲೆ ಅವರ ಮುಖ ನೋಡಿ ಆ ಸಿಟ್ಟೆಲ್ಲ ಎಲ್ಲಿಗೋ ಹೋಯಿತು.

ಭಾವ ಮೈಕಿನ ಮುಂದೆ ಕೂತರು. ಪಕ್ಕದಲ್ಲಿ ಶೂ ಹಿಡಿದ ಅಮ್ಮ, ಹಿಂದೆ ಸ್ಟೇಷನ್ ಮಾಸ್ಟರು. ಕೆಳಗೆ ಸ್ಟೇಷನ್ನಿಗೆ ಸ್ಟೇಷನ್ನೇ ಕತ್ತೆತ್ತಿ ನಿಂತಿತ್ತು. "ಲ್ಲೇಗೆ," ಎಂದು ಶುರುಮಾಡಿದರು. ಗಾಡಿ ಬರುವುದನ್ನು ಹೇಳುವ ಅದೇ ಧ್ವನಿ. ಆರು ಮಂದಿಯೂ ತಲುಪಿದರು. ಯಾರೂ ಬರಲಿಲ್ಲ. ಮತ್ತೊಮ್ಮೆ ಅದನ್ನೇ ಹೇಳಿದರು. ಯಾರೂ ಬರಲಿಲ್ಲ. ದೂರದಲ್ಲಿ ಗಾಡಿ ಸೀಟಿ ಹಾಕಿತು. ಭಾವ ಹಣೆ ಒರೆಸಿಕೊಂಡು ಹುಡುಕಲು ಹೊರಟರು.

"ಬುಸ್ಕೆ... ಬುಸ್ಕೆಸ್... ಬುಸ್ಕೆ..."

ಅಲ್ಲಿ ನಿಂತುಹೋದರು. ಮರೆತುಹೋಗಿತ್ತು. ಮೆಟ್ಟಿಲ ಬಳಿ ಬೆಳಿಗ್ಗೆ ಬೆಳಿಗ್ಗೆ ಕೂಗಿದ ಪಾಠ, ನಾವು ಹುಡುಕೋಣ ಎನ್ನುವ ಜಾಗಕ್ಕೆ ಬಂದು ಕೈಕೊಟ್ಟಿತು. "ಬುಸ್ಕೆ..." ಎಂದು ಮತ್ತೆ ಹೇಳಿದರು. ಸ್ಪೀಕರುಗಳಲ್ಲಿ ಅವರ ಉಸಿರು ಮಾತ್ರ ಕೇಳುತ್ತಿತ್ತು. ಮಾಸ್ಟರು ಕೆಮ್ಮಿದರು. ಆ ಕೆಮ್ಮಿನಲ್ಲಿ ಡ್ರಾಯರು ತೆರೆಯುವ ಸದ್ದಿತ್ತು.

ಆಗ ಪಾರ್ಸಲ್ ಆಫೀಸಿನ ಕಡೆಯಿಂದ ಇನ್ನೊಂದು ಧ್ವನಿ ಕೇಳಿತು. ಮೈಕಿಲ್ಲದ, ಮೈಕು ಬೇಕಿಲ್ಲದ ಧ್ವನಿ.

"ಬುಸ್ಕೇಮೋಸ್!"

ಪ್ಲಾಟ್‌ಫಾರಂನ ತುದಿಯಲ್ಲಿ ಒಬ್ಬ ಮುದುಕರು ಕಾಲುಚೀಲದಲ್ಲಿ ಬಿರಬಿರನೆ ಬರುತ್ತಿದ್ದರು. ಒಂದು ಬೆರಳು ಮೇಲೆತ್ತಿ ತಾಳ ಹಾಕುತ್ತಿದ್ದರು. "ಬುಸ್ಕೇಮೋಸ್! ಬುಸ್ಕೇಯ್ಸ್! ಬುಸ್ಕೆನ್!" ಅವರು ಏನು ಕೆಲಸದಲ್ಲಿದ್ದವರು ಎಂದು ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ. ಮೇಷ್ಟ್ರು ಎನ್ನುವುದು ಆ ಬೆರಳಲ್ಲೇ ಇತ್ತು. ಮೊದಲ ಪಾಠಕ್ಕೆ ಮೂಟೆಗಳ ನಡುವಿನಿಂದ ಎದ್ದು ನಿಂತರಂತೆ, ಎರಡನೆಯದಕ್ಕೆ ಅತ್ತಿತ್ತ ನೋಡಿದರಂತೆ. ಮೂರನೆಯದು ಅರ್ಧಕ್ಕೆ ನಿಂತಾಗ ಮಾತ್ರ ಅವರಿಂದ ತಡೆಯಲಾಗಲಿಲ್ಲವಂತೆ. ಇದೆಲ್ಲ ಪಾರ್ಸಲ್ ಆಫೀಸಿನವನು ಆಮೇಲೆ ಹೇಳಿದ್ದು. ಯಾವ ಊರಿನ ಮೇಷ್ಟ್ರೇ ಆಗಲಿ, ಪಾಠ ಒಪ್ಪಿಸುವವನು ನಡುವೆ ತಡವರಿಸಿದರೆ ಸುಮ್ಮನೆ ಕೂರಲಾರ.

ಆ ಅಮ್ಮ ಮೆಟ್ಟಿಲಿಳಿದು ಓಡಿದರು. ಹತ್ತಿರ ಬಂದ ಕೂಡಲೆ ಒಂದು ಶೂ ಎತ್ತಿ ಗಂಡನ ಮೇಲೆ ಎಸೆದರು. ಅದು ಪೊಲೀಸಿನವನಿಗೆ ಬಿತ್ತು. ಇನ್ನೊಂದನ್ನು ಎಸೆಯದೆ ಎದೆಗೊತ್ತಿಕೊಂಡು, ಅವರ ಭುಜಕ್ಕೆ ಮುಖವಿಟ್ಟು ಅತ್ತರು. ಟೀಯವಳು ಸೆರಗಿನಲ್ಲಿ ಕ್ಯಾನಿನ ನಲ್ಲಿ ಒರೆಸುವಂತೆ ನಟಿಸುತ್ತ ಕಣ್ಣೊರೆಸಿಕೊಂಡಳು. ನನ್ನ ಕಣ್ಣೂ ತುಂಬಿತು, ಅದಕ್ಕೇನು ನಾಚಿಕೆ.

ಮುದುಕರು ಶೂ ಹಾಕಿಕೊಂಡು ನೇರವಾಗಿ ಭಾವನ ಬಳಿ ಬಂದು, ಅವರ ಕಿವಿ ಹಿಡಿದು, "ಲ್ಲೇಗೆ, ನೋ. ಯೇಗೆ. ಯೇ-ಗೆ," ಎಂದರು. ಭಾವ ವಿಧೇಯರಾಗಿ "ಯೇಗೆ" ಎಂದರು. ಮುದುಕರು ನಕ್ಕು ಅವರನ್ನು ತಬ್ಬಿಕೊಂಡರು.

"ಕಿವಿ ಯಾಕ್ರೀ ಹಿಡಿದ್ರು?" ಎಂದರು ಮಾಸ್ಟರು.

"ಅದು ಅವರ ಕಡೆ ಗೌರವ ಸಾರ್."

ಮಾಸ್ಟರು ಕೂಡಲೆ ಮುಂದೆ ಬಂದು, ಟೋಪಿ ತೆಗೆದು, ತಮ್ಮ ಕಿವಿಯನ್ನೂ ಚಾಚಿದರು. ಮುದುಕರಿಗೆ ಏನೂ ಅರ್ಥವಾಗದಿದ್ದರೂ ಕಿವಿ ಕಂಡ ಮೇಲೆ ಹಳೆಯ ಅಭ್ಯಾಸ ಬಿಡಲಿಲ್ಲ, ಚೆನ್ನಾಗಿಯೇ ಹಿಂಡಿದರು. ಆಮೇಲೆ ಎದೆಯ ಮೇಲೆ ಕೈಯಿಟ್ಟು ಒಂದು ದೊಡ್ಡ ಭಾಷಣ ಮಾಡಿದರು. ನಡುವೆ ನಿಂತು ಹೆಂಡತಿಯನ್ನು ನೋಡಿದರು, ಮತ್ತೆ ಮುಂದುವರಿದರು.

"ಏನಂತೆ?" ಎಂದು ಕೆಂಪು ಕಿವಿಯ ಮಾಸ್ಟರು ಭಾವನನ್ನು ಕೇಳಿದರು. ಎಲ್ಲರೂ ಭಾವನನ್ನೇ ನೋಡಿದರು.

ಭಾವ ಆ ಇಬ್ಬರು ಮುದುಕರ ಕೈ ನೋಡಿದರು. ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದವು.

"ಸಿಕ್ಕಿದಳು ಅಂತಾರೆ ಸಾರ್."

"ಅಷ್ಟುದ್ದ ಮಾತಿಗೆ ಇಷ್ಟೇನಾ?"

"ಇಷ್ಟೇ ಸಾರ್."

ಮಾಸ್ಟರು ಎರಡನೇ ಸಲ ಕೇಳಲಿಲ್ಲ. ಗಾಡಿ ಹೊರಟ ಮೇಲೆ ಭಾವನನ್ನು ಕೋಣೆಗೆ ಕರೆದು, ಡ್ರಾಯರಿನಿಂದ ಆ ದಪ್ಪ ಕೊಟೇಷನ್ನು ತೆಗೆದು ಅವರ ಕೈಗೇ ಕೊಟ್ಟರು. "ತಗೊಂಡು ಹೋಗಿ, ಏನಾದ್ರೂ ಮಾಡ್ಕೊಳ್ಳಿ. ಆ ಮಿಷನ್ನು ಆಗಿದ್ರೆ ಬಡಬಡ ಹೇಳಿ ಮುಗಿಸ್ತಿತ್ತು. ನೀವು ಅವರ ಬಾಯಿಂದಲೇ ಹೇಳಿಸೋಕೆ ಬೇಕೂಂತ ನಿಲ್ಲಿಸಿದ್ರಲ್ಲ, ಆ ತಲೆ ಯಾರಿಗೆ ಬರುತ್ತೆ ಹೇಳಿ!"

ಮನೆಗೆ ಬರುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಟೈಲರಮ್ಮ, ಡಾಕ್ಟರು, ಆ ನಾಲ್ಕು ಭಾಷೆಯ ಸೊಸೆ, ಎಲ್ಲರೂ ನಮ್ಮ ಮೇಜಿನ ಸುತ್ತ ಇದ್ದರು. ನಾನು ಕಥೆ ಹೇಳಿದೆ. ಕೊಂಚ ಉಪ್ಪುಖಾರ ಹಚ್ಚಿಯೇ ಹೇಳಿದೆ. ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದರು. ಕೊನೆಯಲ್ಲಿ ಅಕ್ಕ ಒಂದೇ ಒಂದು ಪ್ರಶ್ನೆ ಕೇಳಿದಳು.

"ಅಲ್ಲ ಕಣೋ, ಆ ಅಮ್ಮ ಪಕ್ಕದಲ್ಲೇ ಇದ್ರಲ್ಲ? ಅವರ ಕೈಗೇ ಮೈಕು ಕೊಟ್ಟಿದ್ರೆ ಆಗ್ತಿರಲಿಲ್ವಾ?"

ನಾನು ಭಾವನ ಮುಖ ನೋಡಿದೆ. ಭಾವ ನನ್ನ ಮುಖ ನೋಡಿದರು. ಸ್ಟೇಷನ್ ಮಾಸ್ಟರು, ಪೊಲೀಸು, ಕೂಲಿಯವರು, ಟೀಯವಳು, ಅಷ್ಟು ಮಂದಿಯಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

"ಮೈಕಲ್ಲಿ ಘೋಷಕರೇ ಮಾತಾಡೋದು," ಎಂದರು ಭಾವ ಕ್ಷೀಣವಾಗಿ. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಹೊರಗೆ ಹೋದಳು.

ಎಲ್ಲರೂ ಹೋದ ಮೇಲೆ ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತರು. "ನಿಂಗೊಂದು ವಿಷ್ಯ ಹೇಳಬೇಕು ಕಣೆ. ನಂಗೆ ಸ್ಪ್ಯಾನಿಷ್ ಬರಲ್ಲ. ಒಂದೇ ಅಧ್ಯಾಯ ಬರೋದು."

"ಗೊತ್ತು," ಎಂದಳು ಅಕ್ಕ.

ಅವಳು ಗೂಡಿನ ಸಕ್ಕರೆ ಡಬ್ಬಿ ಎತ್ತಿದಳು. ಉಪ್ಪಿನ ಡಬ್ಬಿ ಎತ್ತಿದಳು. ಡಬ್ಬಿಗಳ ಕೆಳಗೆ, ಆ ತುದಿಯಿಂದ ಈ ತುದಿಯವರೆಗೆ ನೀಟಾಗಿ ಹಾಸಿದ್ದ ಹಾಳೆಗಳು. ಒಂದೊಂದರ ನೆತ್ತಿಯ ಮೇಲೂ ಅದೇ ಪದ. ಪುಸ್ತಕದ ತಲೆಯೂ ಬಾಲವೂ ಅಲ್ಲಿದ್ದವು.

"ನಾನೇ ಹರಿದು ಹಾಸಿದ್ದು. ನಡುವಿನದು ಮೇಜಿನ ಕಾಲಿಗೆ ಬೇಕಾಗಿತ್ತು ಅಂತ ಬಿಟ್ಟೆ."

"ಗೊತ್ತಿದ್ದೂ ಅಂಗಡಿ ಅಂಗಡೀಲೆಲ್ಲ ಹೇಳ್ಕೊಂಡು ಬಂದ್ಯಲ್ಲೇ?"

"ಊಟ ಬಿಟ್ಟು ಕೂತಿದ್ರಿ. ಆ ಪುಸ್ತಕ ಹಿಡಿದ ದಿನ ಎರಡು ಸಲ ಬಡಿಸಿಕೊಂಡ್ರಿ," ಎಂದಳು ಅಕ್ಕ, ಡಬ್ಬಿಗಳನ್ನು ಮತ್ತೆ ಜೋಡಿಸುತ್ತ. "ಅದು ಯಾವ ಭಾಷೆಯಾದ್ರೆ ನಂಗೇನು?"

ನಾನು ಹೋಗಿ ಆ ಕೊಟೇಷನ್ನನ್ನು ನಾಲ್ಕಾಗಿ ಮಡಚಿ ಮೇಜಿನ ಗಿಡ್ಡ ಕಾಲಿನ ಕೆಳಗೆ ತೂರಿಸಿದೆ. ಅಳತೆ ತೆಗೆದು ಮಾಡಿಸಿದಂತೆ ಕೂತಿತು.

ಊಟಕ್ಕೆ ಕೂತಾಗ ಭಾವ, ಮೈಕಿನ ಮುಂದೆ ತಾವು ನಿಂತುಹೋದದ್ದು ಎಲ್ಲಿ ಎಂದು ನನಗೆ ತೋರಿಸಲು ಹೊರಟರು. "ಬುಸ್ಕೆ, ಬುಸ್ಕೆಸ್, ಬುಸ್ಕೆ..." ಎಂದು ಬೆರಳು ಮಡಚಿದರು. ಮತ್ತೆ ಅಲ್ಲೇ ನಿಂತರು. ಹಣೆ ಉಜ್ಜಿಕೊಂಡರು.

"ಬುಸ್ಕೇಮೋಸ್," ಎಂದಳು ಅಕ್ಕ ಒಲೆಯ ಕಡೆಯಿಂದ, ತಿರುಗಿ ಕೂಡ ನೋಡದೆ. "ಬುಸ್ಕೇಯ್ಸ್, ಬುಸ್ಕೆನ್. ನೀರು ಬೇಕಾ?"

ಭಾವ ಬಾಯಿ ತೆರೆದುಕೊಂಡೇ ಲೋಟ ಚಾಚಿದರು. ಅಕ್ಕ ಬಂದು ನೀರು ಹಾಕಿದಳು. ಮೇಜು ಅಲ್ಲಾಡಲಿಲ್ಲ.